ಭೀತಿಯೂ ಆರಾಧನೆಯೂ

ಬರ್ಟ್ರಂಡ್ ರಸೆಲ್ 1927ನೆಯ ಮಾರ್ಚ್ 6ರಂದು ಲಂಡನ್ನಿನ ಬ್ಯಾಟರ್ಸೀ ಪುರಭವನದಲ್ಲಿ, ತಾನೇಕೆ ಕ್ರೈಸ್ತನಲ್ಲ ಎಂಬುದನ್ನು ವಿವರಿಸುತ್ತ ಮಾಡಿದ ಉಪನ್ಯಾಸದಲ್ಲಿ, ಮತಧರ್ಮದ ಮೇಲೆ ಬಹಳ ಹಳೆಯದಾದ ಒಂದು ಆರೋಪವನ್ನು ಹೊಸ ಹರಿತದೊಡನೆ ಹೊರಿಸಿದನು. ಧರ್ಮಕ್ಕೆ ಮುಖ್ಯವಾದ ಆಧಾರ ಭಯ; ಗೊತ್ತಿಲ್ಲದುದರ ಭಯ, ಸೋಲಿನ ಭಯ, ಸಾವಿನ ಭಯ; ಸಂಕಟ ಬಂದಾಗ ಬೆನ್ನಿಗೆ ನಿಲ್ಲುವ ಅಣ್ಣನೊಬ್ಬನಿರಲಿ ಎಂಬ ಹಂಬಲವೇ ದೇವರೆಂಬ ಭಾವನೆಗೆ ಒಂದು ಮೂಲ; ಭಯವು ಕ್ರೌರ್ಯದ ತಾಯಿಯಾದುದರಿಂದ ಕ್ರೌರ್ಯವೂ ಧರ್ಮವೂ ಕೈಹಿಡಿದು ನಡೆದುಬಂದಿರುವುದರಲ್ಲಿ ಸೋಜಿಗವೇನೂ ಇಲ್ಲ: ಇದು ಆತನ ವಾದದ ಸಾರ. ಲೋಕದಲ್ಲಿ ದೇವತೆಗಳನ್ನು ಮೊದಲು ನಿರ್ಮಿಸಿದ್ದು ಭಯವೇ ಎಂಬ ಅಭಿಪ್ರಾಯ ರೋಮಿನ ಕವಿ ಸ್ಟೇಷಿಯಸನ ಕಾಲಕ್ಕಾಗಲೇ ಪ್ರಚಲಿತವಾಗಿದ್ದುದರಿಂದ ರಸೆಲನ ಮಾತಿನ ಪೂರ್ವಾರ್ಧದಲ್ಲಿ ಹೊಸತೇನೂ ಇಲ್ಲ. ಆದರೆ ಉತ್ತರಾರ್ಧ, ಎಂದರೆ ಭಯಕ್ಕೂ ಕ್ರೌರ್ಯಕ್ಕೂ ಇರುವ ನೆಂಟಸ್ತನವನ್ನು ಕುರಿತ ಮಾತು, ವಿಚಾರವಂತನಾದ ಯಾವ ಕ್ರೈಸ್ತನೂ ಸುಮ್ಮನೆ ದಾಟಿಹೋಗುವಂತಹದಲ್ಲ.

ಈ ಆರೋಪಕ್ಕೆ ವೇದಿಕೆಗಳಲ್ಲಿ ದೊರೆಯುವ ಮಾಮೂಲಿನ ಉತ್ತರ, ನಿಜವಾದ ವಿಶ್ವಾಸಿಗೆ ಭಯವೇ ಇರುವುದಿಲ್ಲ, ಭಯವಿದ್ದರೆ ವಿಶ್ವಾಸದಲ್ಲಿ ಕೊರತೆಯಿದೆಯೆಂದು ತಿಳಿಯತಕ್ಕದ್ದು ಎಂಬುದಾಗಿದೆ. ಕೇಳುವುದಕ್ಕೆ ಇದು ವೀರೋಚಿತವಾಗಿದೆ. ಆದರೆ ಅನುಭವದ ದೃಷ್ಟಿಯಿಂದ ಇದು ಸುಳ್ಳು. ಕ್ರೈಸ್ತ ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸುಳ್ಳಿಗಿಂತಲೂ ಹೆಚ್ಚಿನ ದೋಷವುಳ್ಳದ್ದು. ಏಕೆಂದರೆ ಇದನ್ನು ಒಪ್ಪಿದರೆ ಯೇಸುವನ್ನೇ ಅವಿಶ್ವಾಸಿಗಳ ಸಾಲಿನಲ್ಲಿ ನಿಲ್ಲಿಸಬೇಕಾಗುತ್ತದೆ. ಗೆತ್ಸೇಮನೆಯ ತೋಟದಲ್ಲಿ ಆತನು ಬಹಳ ಬೆಬ್ಬಳಿಸಿ ಮನಗುಂದಿದನೆಂದೂ, ತನ್ನ ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿದೆಯೆಂದು ಶಿಷ್ಯರೆದುರು ಬಾಯಿಬಿಟ್ಟು ಹೇಳಿದನೆಂದೂ ಮಾರ್ಕನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾನೆ. ವಿಷದ ಬಟ್ಟಲನ್ನು ಪ್ರಸನ್ನಚಿತ್ತನಾಗಿ ಕುಡಿದ ಸಾಕ್ರಟೀಸನ ಚಿತ್ರದ ಪಕ್ಕದಲ್ಲಿ, ಈ ಪಾತ್ರೆ ನನ್ನಿಂದ ತೊಲಗಲಿ ಎಂದು ನೆಲದ ಮೇಲೆ ಬಿದ್ದು ಬೇಡಿಕೊಂಡ ಯೇಸುವಿನ ಚಿತ್ರವು ತತ್ತ್ವಜ್ಞರ ಕಣ್ಣಿಗೆ ದುರ್ಬಲವಾಗಿ ಕಂಡರೆ ಅವರನ್ನು ನಾವು ದೂರಲಾರೆವು. ಸುವಾರ್ತೆಯನ್ನು ಬರೆದವರು ಆ ದೌರ್ಬಲ್ಯವನ್ನು ಅಳಿಸಿಹಾಕಲು ಮನಸ್ಸು ಮಾಡಲಿಲ್ಲವೆಂಬುದೇ ಗಮನಾರ್ಹವಾದ ಸಂಗತಿ.

ಕೀರ್ತನೆಗಳ ಗ್ರಂಥವಾದರೂ ಇದಕ್ಕಿಂತ ಬೇರೆಯಾದುದನ್ನು ಹೇಳುವುದಿಲ್ಲ. ಯೆಹೂದ್ಯರ ದೇವಾಲಯದಲ್ಲಿಯೂ ಕ್ರೈಸ್ತರ ಸಭೆಗಳಲ್ಲಿಯೂ ಸಾವಿರಾರು ವರ್ಷ ಆರಾಧನೆಗೆ ಆಧಾರವಾಗಿ ಉಳಿದುಬಂದ ಆ ಗ್ರಂಥದಲ್ಲಿ ಸ್ತೋತ್ರಗಳಷ್ಟೇ ಧಾರಾಳವಾಗಿ ಪ್ರಲಾಪಗಳೂ ಇವೆ. ಇಪ್ಪತ್ತೆರಡನೆಯ ಕೀರ್ತನೆ ದೇವರು ಕೈಬಿಟ್ಟನೆಂಬ ಕೂಗಿನಿಂದ ಆರಂಭವಾಗುತ್ತದೆ. ಐವತ್ತಾರನೆಯದರಲ್ಲಿ ಕವಿಯು ತನಗೆ ಹೆದರಿಕೆಯಾದಾಗಲೇ ದೇವರನ್ನು ಆತುಕೊಳ್ಳುವುದಾಗಿ ಹೇಳುತ್ತಾನೆಯೇ ಹೊರತು ಹೆದರಿಕೆಯೇ ಆಗುವುದಿಲ್ಲವೆಂದು ಹೇಳುವುದಿಲ್ಲ. ಎಂಬತ್ತೆಂಟನೆಯದಂತೂ ಕೊನೆಯವರೆಗೂ ಬೆಳಕು ಕಾಣದೆ ಕತ್ತಲೆಯಲ್ಲಿಯೇ ಮುಗಿದುಹೋಗುತ್ತದೆ. ಇಂತಹ ಪದ್ಯಗಳನ್ನು ಏಕಾಂತದ ಗೋಳಾಟವೆಂದು ಬದಿಗಿಡದೆ, ಸಭೆ ಸೇರಿ ಹಾಡತಕ್ಕ ಆರಾಧನೆಯ ಪಾಠವೆಂದು ಹಿಂದಿನವರು ಸ್ವೀಕರಿಸಿದರು. ಭಯಪಡುವವನು ಮೊದಲು ಭಯವನ್ನು ಹೊರಗಿಟ್ಟು ಬಳಿಕ ಗುಡಿಯೊಳಗೆ ಬರಬೇಕೆಂಬ ನಿಯಮ ಅವರಲ್ಲಿ ಇರಲಿಲ್ಲ.

ಹಾಗಾದರೆ ಆರಾಧನೆಯಿಂದ ಆದದ್ದೇನು? ಭಯ ಇದ್ದಂತೆಯೇ ಇರುವುದಾದರೆ ಆರಾಧನೆ ಇದ್ದೂ ಇಲ್ಲದ ಹಾಗಲ್ಲವೆ? ಈ ಪ್ರಶ್ನೆಗೆ ನನಗೆ ತೋರುವ ಉತ್ತರ ಇಷ್ಟು: ಭಯದ ಅನಿಷ್ಟವಿರುವುದು ಅದು ನಮ್ಮ ಎದೆಯನ್ನು ನಡುಗಿಸುವುದರಲ್ಲಿ ಅಷ್ಟಾಗಿ ಅಲ್ಲ, ನಮ್ಮ ನೆರೆಯವನು ಯಾರು, ಅನ್ಯನು ಯಾರು, ಯಾರನ್ನು ಹತ್ತಿರಕ್ಕೆ ಸೇರಿಸಬೇಕು, ಯಾರನ್ನು ಬಾಗಿಲಾಚೆ ಬಿಡಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರವನ್ನು ಅದು ಸದ್ದಿಲ್ಲದೆ ಕೈಗೆ ತೆಗೆದುಕೊಂಡುಬಿಡುವುದರಲ್ಲಿ. ಕ್ರೈಸ್ತ ಆರಾಧನೆ ತನ್ನ ಹೆಸರಿಗೆ ತಕ್ಕುದಾಗಿರುವಾಗ ಭಯದ ಕೈಯಿಂದ ಈ ಅಧಿಕಾರವನ್ನು ಕಸಿದುಕೊಳ್ಳುತ್ತದೆ. ಹೆಸರಿಗೆ ತಕ್ಕುದಾಗಿಲ್ಲದಾಗ ಅದೇ ಅಧಿಕಾರಕ್ಕೆ ದೇವರ ಮುದ್ರೆಯನ್ನೊತ್ತಿ ಕೊಡುತ್ತದೆ. ಈ ಎರಡಕ್ಕೂ ಚರಿತ್ರೆಯಲ್ಲಿ ಸಾಕ್ಷ್ಯಗಳುಂಟು.

ಮೊದಲಿಗೆ, ಪ್ರಸಂಗಪೀಠಗಳಿಗೆ ಬಹುಪ್ರಿಯವಾದ ಒಂದು ದೃಷ್ಟಾಂತ. 1736ನೆಯ ಜನವರಿ 25ರಂದು ‘ಸಿಮಂಡ್ಸ್’ ಎಂಬ ಹಡಗು ಅಮೆರಿಕದ ಜಾರ್ಜಿಯಾ ಕಡೆಗೆ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿತು. ಹಡಗಿನಲ್ಲಿ ಇಂಗ್ಲೆಂಡಿನ ತರುಣ ಪಾದ್ರಿ ಜಾನ್ ವೆಸ್ಲಿ ಇದ್ದನು. ಮೊರೇವಿಯನ್ ಪಂಥದ ಜರ್ಮನರ ಗುಂಪೊಂದೂ ಇತ್ತು. ಆ ಸಂಜೆ ಜರ್ಮನರು ಆರಾಧನೆಯ ಆರಂಭದಲ್ಲಿ ಕೀರ್ತನೆಯನ್ನು ಹಾಡುತ್ತಿದ್ದ ಹೊತ್ತಿಗೆ ಕಡಲು ಉಕ್ಕಿ ಹಡಗಿನ ಮೇಲೆರಗಿ, ದೊಡ್ಡ ಹಾಯಿ ಚಿಂದಿಯಾಗಿ, ನೀರು ಅಟ್ಟಗಳ ನಡುವೆ ಸುರಿಯಿತು. ಇಂಗ್ಲಿಷರು ಕಿರಿಚಿಕೊಂಡರು, ಜರ್ಮನರು ಹಾಡನ್ನು ನಿಲ್ಲಿಸಲಿಲ್ಲ. ನಿಮಗೆ ಭಯವಾಗಲಿಲ್ಲವೆ ಎಂದು ವೆಸ್ಲಿ ಆಮೇಲೆ ಕೇಳಿದಾಗ ಅವರಲ್ಲೊಬ್ಬನು, ದೇವರ ದಯದಿಂದ ಇಲ್ಲ, ನಮ್ಮ ಹೆಂಗಸರೂ ಮಕ್ಕಳೂ ಸಹ ಸಾವಿಗೆ ಅಂಜುವವರಲ್ಲ ಎಂಬ ಅರ್ಥದ ಮಾತನ್ನು ಹೇಳಿದನು. ವೆಸ್ಲಿಯ ದಿನಚರಿಯಲ್ಲಿರುವ ಈ ವೃತ್ತಾಂತವನ್ನು ಅವಿಶ್ವಾಸದಿಂದ ನೋಡಲು ಕಾರಣವಿಲ್ಲ. ಅದರಿಂದ ಅವನ ಬಾಳಿನ ದಿಕ್ಕೇ ಬದಲಾಯಿತೆಂಬುದೂ ನಿಜ. ಎರಡು ವರ್ಷಗಳ ಮೇಲೆ, ಜಾರ್ಜಿಯಾದಲ್ಲಿ ಕೈಸೋತು ಊರಿಗೆ ಮರಳುತ್ತಿದ್ದಾಗ, ತನ್ನ ಧರ್ಮವು ಹವೆ ಚೆನ್ನಾಗಿರುವಾಗ ಮಾತ್ರ ನಿಲ್ಲುವಂತಹದೆಂದು ಅವನು ಒಪ್ಪಿಕೊಂಡದ್ದು ಪ್ರಾಮಾಣಿಕತೆಗೆ ಒಳ್ಳೆಯ ಉದಾಹರಣೆ.

ಆದರೂ ಈ ದೃಷ್ಟಾಂತವೊಂದನ್ನೇ ನೆಚ್ಚಿಕೊಂಡರೆ ಸಾಲದು. ಬಿರುಗಾಳಿಯು ಒಂದು ವಿಶೇಷ ರೀತಿಯ ಭಯವನ್ನು ತರುತ್ತದೆ: ಅದರಲ್ಲಿ ಶತ್ರುವೆಂದರೆ ಕಡಲು, ಕಡಲಿನ ಮೇಲೆ ಯಾರಿಗೂ ದ್ವೇಷವಿಲ್ಲ, ಅದರಲ್ಲಿ ಓಡಿಹೋಗಲು ಜಾಗವಿಲ್ಲದುದರಿಂದ ಓಡಬೇಕೋ ನಿಲ್ಲಬೇಕೋ ಎಂಬ ಧರ್ಮಸಂಕಟವೂ ಇಲ್ಲ, ಎಲ್ಲರೂ ಒಂದೇ ಹಡಗಿನಲ್ಲಿರುವುದರಿಂದ ಒಬ್ಬನ ಕ್ಷೇಮಕ್ಕಾಗಿ ಇನ್ನೊಬ್ಬನನ್ನು ಬಲಿಗೊಡುವ ಪ್ರಲೋಭನವೂ ಬಹುಮಟ್ಟಿಗೆ ಇಲ್ಲ. ಮನುಷ್ಯನೇ ಮನುಷ್ಯನಿಗೆ ಅಪಾಯವಾಗಿ ಕಾಣುವ ಹೊತ್ತಿನಲ್ಲಿ, ಮುಖ್ಯವಾಗಿ ಸಾಂಕ್ರಾಮಿಕದ ಕಾಲದಲ್ಲಿಯೂ ರಾಜಕೀಯ ವಿಪ್ಲವದ ಕಾಲದಲ್ಲಿಯೂ, ಭಯ ತನ್ನ ನಿಜಸ್ವರೂಪವನ್ನು ತೋರಿಸುತ್ತದೆ.

ಯೂರೋಪಿನ ಚರಿತ್ರೆಯಲ್ಲಿ 1348–49ರ ಮಹಾಮಾರಿಯಂತಹ ಪರೀಕ್ಷೆ ಇನ್ನೊಂದು ಇಲ್ಲವೆನ್ನಬಹುದು. ಆ ಕಾಲದಲ್ಲಿ ಆರಾಧನೆ ಕಡಿಮೆಯಾಗಲಿಲ್ಲ, ಮಿತಿಮೀರಿ ಹೆಚ್ಚಿತು. ಊರಿಂದೂರಿಗೆ ಮೆರವಣಿಗೆ ಹೊರಟು, ಯೇಸುವಿನ ಆಯುಷ್ಯದ ವರ್ಷಗಳ ಲೆಕ್ಕಕ್ಕೆ ಮೂವತ್ತಮೂರೂವರೆ ದಿವಸ, ಮುಳ್ಳುಚಾಟಿಗಳಿಂದ ತಮ್ಮ ಬೆನ್ನನ್ನು ತಾವೇ ಬಡಿದುಕೊಂಡು ರಕ್ತ ಸುರಿಸುತ್ತ ಹಾಡುತ್ತಿದ್ದ ದಂಡುಗಳನ್ನು ಜನ ಸಂತರೆಂಬಂತೆ ಎದುರುಗೊಂಡರು. ಅದೇ ಜನ, ಬಾವಿಗಳಿಗೆ ವಿಷವಿಕ್ಕಿದವರು ಯೆಹೂದ್ಯರೆಂಬ ವದಂತಿಯನ್ನು ನಂಬಿ ಕೇರಿ ಕೇರಿಗಳನ್ನು ಸುಟ್ಟರು. ಸ್ಟ್ರಾಸ್‌ಬುರ್ಗ್ ನಗರದಲ್ಲಿ ಯೆಹೂದ್ಯರನ್ನು ಗುಂಪು ಗುಂಪಾಗಿ ಬೆಂಕಿಗೆ ಹಾಕಿದ್ದು 1349ನೆಯ ಫೆಬ್ರವರಿ 14ರಂದು. ಆಗ ಆ ನಗರಕ್ಕೆ ಮಾರಿ ಇನ್ನೂ ಕಾಲಿಟ್ಟಿರಲಿಲ್ಲ. ರೋಗ ಬರುವುದಕ್ಕೆ ಮುಂಚೆಯೇ ರೋಗದ ಭಯ ಬಂದು, ನೆರೆಯವರ ಪಟ್ಟಿಯನ್ನು ತಿದ್ದಿಟ್ಟು, ಕೆಲವರ ಹೆಸರನ್ನು ಹೊಡೆದುಹಾಕಿತ್ತು. ಯೆಹೂದ್ಯರೂ ಅದೇ ಮಾರಿಯಿಂದ ಸಾಯುತ್ತಿದ್ದಾರಷ್ಟೆ, ಅವರೇ ಅದನ್ನು ತಂದರೆಂಬುದಕ್ಕೆ ಅರ್ಥವೇನು ಎಂದು ಪೋಪ್ ಆರನೆಯ ಕ್ಲೆಮೆಂಟನು ಫರ್ಮಾನು ಹೊರಡಿಸಿ ಅವರ ಪಕ್ಷವಹಿಸಿದ್ದನ್ನೂ, ಮುಂದೆ ಅಕ್ಟೋಬರ್ ತಿಂಗಳಲ್ಲಿ ಚಾಟಿಯ ಮೆರವಣಿಗೆಗಳನ್ನು ಖಂಡಿಸಿದ್ದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆದರೆ ಅವಿಗ್ನಾನಿನಲ್ಲಿದ್ದ ಪೋಪನ ಮಾತಿಗಿಂತ ಬೀದಿಯ ಭಯದ ಮಾತಿಗೆ ಬಲ ಹೆಚ್ಚಾಗಿತ್ತು. ರಸೆಲನ ಆರೋಪಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಇನ್ನು ಅದೇ ರೋಗದ, ಬೇರೆ ರೀತಿಯ ಪ್ರಸಂಗ. 1527ನೆಯ ಆಗಸ್ಟಿನಲ್ಲಿ ಸ್ಯಾಕ್ಸನಿಯ ವಿಟ್ಟೆನ್‌ಬರ್ಗ್ ಪಟ್ಟಣಕ್ಕೆ ಪ್ಲೇಗು ಬಂದಿತು. ವಿಶ್ವವಿದ್ಯಾಲಯವನ್ನು ಯೇನಾ ನಗರಕ್ಕೆ ಎಬ್ಬಿಸಿದರು; ಮಾರ್ಟಿನ್ ಲೂಥರನೂ ಹೊರಡತಕ್ಕದ್ದೆಂದು ರಾಜನ ಅಪ್ಪಣೆಯಾಯಿತು. ಲೂಥರನು ಹೊರಡಲಿಲ್ಲ, ಊರಿನ ಪಾದ್ರಿ ಬೂಗೆನ್‌ಹಾಗನನೊಡನೆ ಅಲ್ಲಿಯೇ ಉಳಿದನು. ಹಿಂದೆ ಸಂನ್ಯಾಸಿಗಳ ಮಠವಾಗಿದ್ದ ಅವನ ಮನೆ ರೋಗಿಗಳ ಆಸ್ಪತ್ರೆಯಂತಾಯಿತು. ಹೆಂಡತಿ ಕಾಟರೀನ ಬಸುರಿ; ಎಳೆಯ ಮಗ ಹಾನ್ಸ್ ಕಾಯಿಲೆ ಬಿದ್ದು ಊಟ ಬಿಟ್ಟಿದ್ದನು; ಪುರಪ್ರಮುಖನ ಹೆಂಡತಿ ಲೂಥರನ ತೋಳುಗಳಲ್ಲೇ ಎಂಬಂತೆ ಪ್ರಾಣಬಿಟ್ಟಳು; ಬೂಗೆನ್‌ಹಾಗನನ ತಂಗಿ ಬಾಣಂತಿತನದ ಹೊತ್ತಿಗೆ ರೋಗ ತಗುಲಿ ಮಗುವಿನೊಡನೆ ತೀರಿಕೊಂಡಳು. ಇದಕ್ಕಿಂತಲೂ ಮುಖ್ಯವಾದುದು, ಆ ವರ್ಷದ ಜುಲೈ ತಿಂಗಳಲ್ಲಿಯೇ ಲೂಥರನು ದೇಹದಿಂದಲೂ ಮನಸ್ಸಿನಿಂದಲೂ ಕುಸಿದುಬಿದ್ದು, ದೇವರು ತನ್ನನ್ನು ತೊರೆದನೋ ಎಂಬ ಘೋರವಾದ ಅಂತರ್ಭೀತಿಗೆ ಗುರಿಯಾಗಿದ್ದನೆಂಬುದು. ಹಡಗಿನ ಮೊರೇವಿಯನ್ನರ ಪ್ರಶಾಂತಿ ಅವನಿಗಿರಲಿಲ್ಲ. ಉಳಿದವನು ಅಂಜದವನಾಗಿದ್ದುದರಿಂದ ಉಳಿದನೆಂದು ಹೇಳುವುದಕ್ಕೆ ಅವನ ಪತ್ರಗಳು ಎಡೆಗೊಡುವುದಿಲ್ಲ.

ಬ್ರೆಸ್ಲಾವಿನ ಪಾದ್ರಿಗಳು, ಮಾರಿಯ ಕಾಲದಲ್ಲಿ ಕ್ರೈಸ್ತನು ಊರು ಬಿಟ್ಟು ಓಡಬಹುದೆ ಎಂದು ಕೇಳಿ ಕಳುಹಿಸಿದ್ದ ಪ್ರಶ್ನೆಗೆ ಲೂಥರನು ಆ ಶರತ್ಕಾಲದಲ್ಲಿ ಬರೆದ ಉತ್ತರ ಚಿಕ್ಕ ಪುಸ್ತಕವಾಗಿ ಅಚ್ಚಾಯಿತು. ಈ ವಿಷಯದಲ್ಲಿ ನಾನು ಓದಿರುವ ಬರಹಗಳಲ್ಲಿ ಇಷ್ಟು ಸಮಚಿತ್ತದಿಂದ ಬರೆದದ್ದು ಬೇರೆ ಇಲ್ಲ. ಲೂಥರನಂತಹ ಉಗ್ರಲೇಖಕನಿಂದ ಇದು ಬಂದದ್ದು ಅಚ್ಚರಿಯೇ ಸರಿ. ಓಡಿಹೋದವರನ್ನೆಲ್ಲ ಅವನು ಹೇಡಿಗಳೆಂದು ಹಳಿಯುವುದಿಲ್ಲ. ಪ್ರಾಣವನ್ನು ಉಳಿಸಿಕೊಳ್ಳುವ ಇಚ್ಛೆ ದೇವರೇ ಇಟ್ಟದ್ದು. ಬೇರೆಯವರಿಗೆ ತೊಂದರೆಯಾಗದಿದ್ದರೆ ಹೋಗುವವನು ಹೋಗಲಿ. ಆದರೆ ಪಾದ್ರಿ, ಪುರಾಧಿಕಾರಿ, ವೈದ್ಯ, ತಾಯಿತಂದೆ, ಯಜಮಾನ, ಆಳು, ಇವರಲ್ಲಿ ಯಾರಿಗೆ ಇನ್ನೊಬ್ಬನ ಭಾರ ಕಟ್ಟಿದೆಯೋ ಅವರು, ತಮ್ಮ ಬದಲಿಗೆ ಒಬ್ಬರನ್ನು ನಿಲ್ಲಿಸದೆ ಕದಲಕೂಡದು. ಉಳಿದವರು ಔಷಧಿ ತೆಗೆದುಕೊಳ್ಳಲಿ, ಮನೆಗೆ ಧೂಪ ಹಾಕಲಿ, ತಮ್ಮ ಅಗತ್ಯವಿಲ್ಲದ ಜಾಗಕ್ಕೆ ಹೋಗದಿರಲಿ. ಔಷಧಿಯನ್ನು ತಾತ್ಸಾರ ಮಾಡಿ, ಬೇಕೆಂದೇ ಸೋಂಕಿನ ನಡುವೆ ಸುಳಿದಾಡಿ, ಅದನ್ನು ದೇವರಲ್ಲಿಟ್ಟ ಭರವಸೆಯೆಂದು ಕರೆಯುವವರು ದೇವರನ್ನು ಪರೀಕ್ಷಿಸುವವರೇ ಹೊರತು ನಂಬುವವರಲ್ಲ. ಅವರಿಂದ ಸೋಂಕು ತಗುಲಿ ಇನ್ನೊಬ್ಬನು ಸತ್ತರೆ ಕೊಲೆಯ ದೋಷ ಅವರದು. ಹೂಳುವ ಜಾಗವನ್ನು ಊರ ಹೊರಗೆ ಮಾಡಬೇಕೆಂಬ ನೈರ್ಮಲ್ಯದ ಸಲಹೆಯೂ ಆ ಪುಸ್ತಕದಲ್ಲುಂಟು.

ಇದರಲ್ಲಿ ಭಯವನ್ನು ಅಲ್ಲಗಳೆಯುವ ಒಂದು ಮಾತೂ ಇಲ್ಲ. ಭಯಕ್ಕೆ ಸಲ್ಲತಕ್ಕ ಪಾಲನ್ನು ಧೂಪದ ರೂಪದಲ್ಲಿ, ಔಷಧಿಯ ರೂಪದಲ್ಲಿ, ದೂರದ ರೂಪದಲ್ಲಿ ಅಳೆದು ಕೊಟ್ಟಾಗಿದೆ. ಸಲ್ಲದಿರುವ ಒಂದೇ ಒಂದು ಪಾಲನ್ನು, ಎಂದರೆ ಹಾಸಿಗೆ ಹಿಡಿದವನು ಇನ್ನು ನನಗೆ ಸಂಬಂಧಪಟ್ಟವನಲ್ಲ ಎಂದು ತೀರ್ಪುಕೊಡುವ ಹಕ್ಕನ್ನು, ಲೂಥರನು ಅದಕ್ಕೆ ಕೊಡಲೊಲ್ಲನು. ರೋಗಿಯ ಹಾಸಿಗೆಯ ಬಳಿ ಕ್ರಿಸ್ತನೇ ಮಲಗಿದ್ದಾನೆಂಬ ಸುವಾರ್ತೆಯ ಉಪದೇಶವನ್ನು ಅವನು ನೆನಪಿಸಿ, ಕ್ರಿಸ್ತನ ಸೇವೆ ಮಾಡಬಯಸುವವನು ಅವನನ್ನು ಹುಡುಕಿಕೊಂಡು ಬೇರೆಲ್ಲಿಗೂ ಹೋಗಬೇಕಾಗಿಲ್ಲವೆನ್ನುತ್ತಾನೆ. ನಲವತ್ತಾರನೆಯ ಕೀರ್ತನೆಯನ್ನು ಆಧರಿಸಿ ಅವನು ಕಟ್ಟಿದ ಕೋಟೆಯ ಹಾಡು ಈ ವರ್ಷದ್ದೋ ಇದರಿಂದೀಚೆಗೆ ಒಂದೆರಡು ವರ್ಷದ್ದೋ ಎಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ; ಆ ದಿನಗಳ ಗಾಳಿಯಲ್ಲಿ ಹುಟ್ಟಿದ್ದೆಂಬುದಷ್ಟು ನಿಶ್ಚಯ. ಆ ಡಿಸೆಂಬರಿನಲ್ಲಿ ಹುಟ್ಟಿದ ಮಗಳು ಎಲಿಜಬೆತ್ ಒಂದು ವರ್ಷ ತುಂಬುವುದಕ್ಕೆ ಮುಂಚೆಯೇ ತೀರಿಕೊಂಡಳೆಂಬುದನ್ನು ತಿಳಿದವರಿಗೆ, ಅದು ಗೆದ್ದವನ ಹಾಡೆಂದು ತೋರಲಾರದು.

ಇಲ್ಲಿಗೆ ನಿಲ್ಲಿಸಿದರೆ ಲೂಥರನ ಚಿತ್ರ ಸೊಗಸಾಗಿಯೇ ಉಳಿಯುತ್ತಿತ್ತು. ಆದರೆ ಇದೇ ಮನುಷ್ಯನು 1543ರಲ್ಲಿ ಯೆಹೂದ್ಯರ ವಿಷಯವಾಗಿ, ಅವರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂಬ ಮಟ್ಟಿಗೆ, ಓದಲು ನಾಚಿಕೆಯಾಗುವ ಗ್ರಂಥವನ್ನು ಬರೆದನು. ಪ್ಲೇಗಿನ ರೋಗಿಯನ್ನು ನೆರೆಯವನೆಂದು ತಿಳಿದವನಿಗೆ ಯೆಹೂದ್ಯನು ನೆರೆಯವನಾಗಿ ಕಾಣಲಿಲ್ಲ. ಭಯದ ಕೈಯಿಂದ ಒಮ್ಮೆ ಕಸಿದುಕೊಂಡ ಅಧಿಕಾರ ಎಂದೆಂದಿಗೂ ಕೈಯಲ್ಲೇ ಉಳಿಯುತ್ತದೆಂಬ ಭರವಸೆಯಿಲ್ಲವೆಂಬುದಕ್ಕೆ ಇದು ಸಾಕ್ಷಿ. ಅವನ ಕೋಟೆಯ ಹಾಡು ಸಹ ಮುಂದೆ ಜರ್ಮನಿಯಲ್ಲಿ ರಾಷ್ಟ್ರಾಭಿಮಾನದ ಯುದ್ಧಗೀತವಾಗಿ ಬಳಕೆಗೆ ಬಂದು, ಹೆದರಿದವರ ಪ್ರಾರ್ಥನೆ ಹೆದರಿಸುವವರ ಘೋಷಣೆಯಾಯಿತು.

ಆ ಜರ್ಮನಿಯಲ್ಲಿಯೇ, ನೋಂದಾಯಿತರಾದ ನಿರುದ್ಯೋಗಿಗಳು ಅರುವತ್ತು ಲಕ್ಷದಷ್ಟಿದ್ದ ಚಳಿಗಾಲದಲ್ಲಿ, 1933ನೆಯ ಜನವರಿ 15ರಂದು, ಹಿಟ್ಲರನು ಪ್ರಧಾನಿಯಾಗುವುದಕ್ಕೆ ಹದಿನೈದು ದಿವಸ ಮುಂಚೆ, ಡೀಟ್ರಿಕ್ ಬೋನ್‌ಹೋಫರ್ ಎಂಬ ತರುಣ ಪಂಡಿತನು ಬರ್ಲಿನ್ನಿನಲ್ಲಿ ಭಯವನ್ನು ಕುರಿತು ಒಂದು ಪ್ರಸಂಗ ಮಾಡಿದನು. ಬಿರುಗಾಳಿಯಲ್ಲಿ ಸಿಕ್ಕಿದ ಶಿಷ್ಯರ ದೋಣಿಯ ಕಥೆ ಅದಕ್ಕೆ ಆಧಾರವಾಕ್ಯ. ಮನುಷ್ಯನ ಒಳಗೆ ಕುಳಿತು ಅವನನ್ನು ಟೊಳ್ಳುಮಾಡುವ ಶತ್ರು ಭಯ ಎಂದು ಅವನು ಅಂದು ಹೇಳಿದ್ದು ನ್ಯಾಯವಾದ ಮಾತೇ. ಏಪ್ರಿಲ್ ತಿಂಗಳಲ್ಲಿ, ಯೆಹೂದ್ಯರನ್ನು ಸರಕಾರಿ ಕೆಲಸಗಳಿಂದ ಹೊರಹಾಕುವ ಕಾನೂನು ಬಂದಾಗ, ಸಮಾಜದ ಯಾವುದೇ ವ್ಯವಸ್ಥೆಯಿಂದ ಜಜ್ಜಿಹೋದವರ ವಿಷಯದಲ್ಲಿ, ಅವರು ಕ್ರೈಸ್ತರಾಗಿರಲಿ ಇಲ್ಲದಿರಲಿ, ಸಭೆಗೆ ನಿರುಪಾಧಿಕವಾದ ಹೊಣೆಯಿದೆಯೆಂದು ಅವನು ಲೇಖನ ಬರೆದನು. ಅದೇ ಏಪ್ರಿಲ್ ತಿಂಗಳಲ್ಲಿಯೇ ಅವನ ಅವಳಿ ಸೋದರಿ ಸಬೀನಳ ಮಾವ ತೀರಿಕೊಂಡರು. ಅವರು ಯೆಹೂದ್ಯರು, ದೀಕ್ಷಾಸ್ನಾನವನ್ನು ಹೊಂದಿದವರಲ್ಲ. ಉತ್ತರಕ್ರಿಯೆಯನ್ನು ನೀನು ನಡೆಸಿಕೊಡುವೆಯಾ ಎಂದು ಮನೆಯವರು ಕೇಳಿದಾಗ ಬೋನ್‌ಹೋಫರನು ತನ್ನ ಮೇಲಧಿಕಾರಿಯನ್ನು ವಿಚಾರಿಸಿದನು, ಈ ಹೊತ್ತಿನಲ್ಲಿ ಅದು ಬೇಡವೆಂದು ಆತನು ಒತ್ತಾಯದಿಂದ ಬುದ್ಧಿಹೇಳಿದನು, ಬೋನ್‌ಹೋಫರನು ಹಿಂದೆಗೆದನು.

ನವೆಂಬರಿನಲ್ಲಿ ಅವನು ಭಾವನಿಗೆ ಬರೆದ ಕಾಗದದಲ್ಲಿ, ಆ ದಿನ ತಾನು ಅಷ್ಟೊಂದು ಹೆದರಿದ್ದು ಹೇಗೆ ಎಂಬುದೇ ತನಗೆ ಅರ್ಥವಾಗುತ್ತಿಲ್ಲವೆಂದು ಪಶ್ಚಾತ್ತಾಪಪಟ್ಟು ಕ್ಷಮೆ ಕೇಳಿದ್ದಾನೆ. ಆ ಏಪ್ರಿಲ್ ಹೊತ್ತಿಗೆ, ಭಯದ ವಿರುದ್ಧ ಪ್ರಸಂಗ ಮಾಡಿ ಮೂರು ತಿಂಗಳಾಗಿತ್ತಷ್ಟೆ. ನೆರೆಯವನ ಹೊಣೆಯ ಮೇಲೆ ಲೇಖನ ಬರೆದ ಶಾಯಿ ಇನ್ನೂ ಆರಿರಲಿಲ್ಲ. ಭಯವಾದರೋ ಒಂದು ಸಣ್ಣ ವಿವೇಕದ ವೇಷದಲ್ಲಿ, ಮೇಲಧಿಕಾರಿಯ ಹಿತವಚನದ ವೇಷದಲ್ಲಿ ಬಂದು, ತಂಗಿಯ ಮಾವನ ಶವಪೆಟ್ಟಿಗೆಯನ್ನು ಆರಾಧನೆಯ ಎಲ್ಲೆಯಾಚೆ ಇರಿಸಿ ಹೋಯಿತು. ಬೋನ್‌ಹೋಫರನನ್ನು ಹುತಾತ್ಮನೆಂದು ಪೂಜಿಸುವವರು ಈ ಪ್ರಸಂಗವನ್ನು ಮೆಲ್ಲನೆ ದಾಟಿಹೋಗುವುದುಂಟು. ನನಗಾದರೋ ಅವನ ಆಮೇಲಿನ ಜೀವನಕ್ಕೆ ಬೀಗದ ಕೈ ಇದರಲ್ಲಿಯೇ ಇದೆಯೆಂದು ತೋರುತ್ತದೆ. ಕಾಡುಮೃಗದಂತೆ ಕೆರಳಿ ಬರುವ ಭಯವನ್ನು ಗುರುತಿಸುವುದು ಸುಲಭ. ಶಿಷ್ಟಾಚಾರವಾಗಿ, ಸಭೆಯ ಹಿತಚಿಂತನೆಯಾಗಿ ಬರುವ ಭಯವನ್ನು ಗುರುತಿಸಲು ಅವನಂತಹ ಸೂಕ್ಷ್ಮಮತಿಗೂ ಏಳು ತಿಂಗಳು ಹಿಡಿಯಿತು.

ಹಿಟ್ಲರನ ವಿರುದ್ಧದ ಒಳಸಂಚಿನವರ ಬಳಗದಲ್ಲಿದ್ದ ಅವನನ್ನು 1943ನೆಯ ಏಪ್ರಿಲ್ 5ರಂದು ಸೆರೆಹಿಡಿದು ಟೇಗೆಲ್ ಕಾರಾಗೃಹದಲ್ಲಿಟ್ಟರು. 1944ರ ಜನವರಿಯ ಒಂದು ರಾತ್ರಿ ಬಾಂಬುಗಳು ಬೀಳುತ್ತಿರುವಾಗ ಎಲ್ಲರೂ ನೆಲದ ಮೇಲೆ ಬೋರಲು ಮಲಗಿದ್ದರು. ಎಂದೂ ದೇವರ ಗೊಡವೆಗೆ ಹೋಗದ ಉಡಾಳನೊಬ್ಬನು ಪಕ್ಕದಲ್ಲಿ ಅಯ್ಯೋ ದೇವರೇ ಎಂದು ಹಲುಬತೊಡಗಿದನು. ಧರ್ಮಪ್ರಚಾರಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಬೋನ್‌ಹೋಫರನು ಅವನಿಗೆ ಒಂದು ಧಾರ್ಮಿಕ ಸಾಂತ್ವನದ ಮಾತನ್ನೂ ಹೇಳಲಾರದೆಹೋದನು. ಗಡಿಯಾರವನ್ನು ನೋಡಿ, ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು ಎಂದಷ್ಟೇ ಹೇಳಿದನು. ಇದನ್ನು ಅವನೇ ಸ್ನೇಹಿತ ಬೆತ್ಗೆಗೆ ಬರೆದ ಪತ್ರದಲ್ಲಿ ಕಾಣಬಹುದು. ಹೆದರಿ ನೆಲಕ್ಕಂಟಿದವನ ಬಾಯಿಂದ ಭಕ್ತಿಯನ್ನು ಹಿಂಡಿ ತೆಗೆಯುವುದು ಅವನಿಗೆ ಅಸಭ್ಯವಾಗಿ ತೋರಿತು. ನರಕದ ಕೆಂಡಗಳನ್ನು ತೋರಿಸಿ ಜನರನ್ನು ಸಭೆಗೆ ಸೇರಿಸಿಕೊಂಡ ಪ್ರಸಂಗಿಗಳ ದೊಡ್ಡ ಪರಂಪರೆ ಕ್ರೈಸ್ತರಲ್ಲಿದೆಯೆಂಬುದನ್ನು ನೆನೆದರೆ, ಈ ಗಡಿಯಾರದ ಮಾತಿನ ಬೆಲೆ ಗೊತ್ತಾಗುತ್ತದೆ. ರಸೆಲನು ದೂಷಿಸಿದ್ದು ಆ ಪರಂಪರೆಯನ್ನು. ಅದನ್ನು ಸೆರೆಮನೆಯ ನೆಲದ ಮೇಲೆ ಮಲಗಿ ನಿರಾಕರಿಸಿದವನು ಒಬ್ಬ ಕ್ರೈಸ್ತ ಪಾದ್ರಿ.

ಇದೇ ಸಂಕೋಚವನ್ನು ಅವನ ಕಡೆಯ ಆರಾಧನೆಯಲ್ಲಿಯೂ ನೋಡುತ್ತೇವೆ. 1945ನೆಯ ಏಪ್ರಿಲ್ 8, ಭಾನುವಾರ. ಬವೇರಿಯದ ಷೋನ್‌ಬರ್ಗಿನ ಒಂದು ಶಾಲಾಕಟ್ಟಡದಲ್ಲಿ ಸೆರೆಯಾಳುಗಳ ಗುಂಪನ್ನಿರಿಸಿದ್ದರು. ಆರಾಧನೆ ನಡೆಸಬೇಕೆಂದು ಜೊತೆಯವರು ಕೇಳಿಕೊಂಡಾಗ ಬೋನ್‌ಹೋಫರನು ಮೊದಲು ಹಿಂಜರಿದನು. ಏಕೆಂದರೆ ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ರಷ್ಯದವನೊಬ್ಬನು ನಾಸ್ತಿಕನು. ಆ ರಷ್ಯನೂ ಆಗಲಿ ಎಂದು ಒಪ್ಪಿದ ಮೇಲೆಯೇ ಅವನು ಆ ದಿನದ ವೇದಪಾಠಗಳನ್ನು ಓದಿ, ನಾಲ್ಕು ಮಾತಾಡಿ, ಪ್ರಾರ್ಥಿಸಿದ್ದು. ಪ್ರಾರ್ಥನೆ ಮುಗಿದ ಸ್ವಲ್ಪದರಲ್ಲೇ ಅವನನ್ನು ಕರೆದೊಯ್ದರು. ಮರುದಿನ ಬೆಳಗಿನ ಜಾವ ಫ್ಲಾಸೆನ್‌ಬ್ಯುರ್ಗಿನ ಸೆರೆಶಿಬಿರದಲ್ಲಿ ಗಲ್ಲಿಗೇರಿಸಿದರು. ಗಲ್ಲಿನ ಬಳಿ ಅವನು ಮೊಣಕಾಲೂರಿ ಪ್ರಾರ್ಥಿಸಿ ಪರಮಶಾಂತನಾಗಿ ಮಡಿದನೆಂದು ಶಿಬಿರದ ವೈದ್ಯನು ಬಹಳ ವರ್ಷಗಳ ಮೇಲೆ ಬರೆದ ವರ್ಣನೆ ಪ್ರಸಿದ್ಧವಾಗಿದ್ದರೂ, ಈಚಿನ ವಿದ್ವಾಂಸರು ಅದನ್ನು ನಂಬತಕ್ಕದ್ದೇ ಎಂದು ಶಂಕಿಸಿದ್ದಾರೆ. ಆ ಶಂಕೆಯಿಂದ ನಮಗೆ ನಷ್ಟವೇನೂ ಇಲ್ಲ. ಭಕ್ತನು ಅಳುಕದೆ ಸತ್ತನೆಂಬ ಸಾಕ್ಷಿಗಾಗಿ ನಾವು ಪಡುವ ಆತುರವೇ ಶಂಕಾಸ್ಪದವಾದದ್ದು. ಶಾಲೆಯ ಕೊಠಡಿಯಲ್ಲಿ ಕ್ಯಾಥೊಲಿಕನ ಮನಸ್ಸನ್ನೂ ನಾಸ್ತಿಕನ ಮನಸ್ಸನ್ನೂ ಕೇಳಿ ತಿಳಿದ ಮೇಲೆ ಬಾಯಿತೆರೆದ ಆ ಪ್ರಾರ್ಥನೆಯಲ್ಲಿ, ಹನ್ನೆರಡು ವರ್ಷಗಳ ಹಿಂದೆ ಹೊರಗಿಟ್ಟ ಶವಪೆಟ್ಟಿಗೆಗೆ ತಡವಾಗಿ ಬಂದ ಉತ್ತರವಿದೆಯೆಂದು ನಾನು ಎಣಿಸುತ್ತೇನೆ.

ಇಷ್ಟಾದರೂ ತರ್ಕಪ್ರಿಯನಾದ ಓದುಗನು, ಹಾಡುವುದರಿಂದ ಗುಂಡಿಗೆಯ ಬಡಿತ ತಗ್ಗುತ್ತದೆ, ಹತ್ತು ಜನ ಕೂಡಿದರೆ ಅಂಜಿಕೆ ಇಳಿಯುತ್ತದೆ, ಇದರಲ್ಲಿ ದೇವರ ಪ್ರಸ್ತಾಪವೇಕೆ ಎನ್ನಬಹುದು. ಹಾಡಿಗೆ ಆ ಗುಣವಿದೆಯೆಂಬುದು ನಿರ್ವಿವಾದ. 1834ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದಿಳಿದ ಮೇಲೆ ಜರ್ಮನ್ ಗೀತೆಗಳ ರಾಗಗಳು ಕನ್ನಡದ ಮಾತನ್ನು ತೊಟ್ಟುಕೊಂಡು ನಮ್ಮ ಸಭೆಗಳಲ್ಲಿ ನೆಲೆಯಾದವು. ಇಂದಿಗೂ ಸಾವಾದ ಮನೆಯಲ್ಲಿ ಸಭೆಯವರು ಕೂಡಿ ಗೀತೆಗಳನ್ನು ಹಾಡುತ್ತಾರೆ. ಆ ಮನೆಯವರ ಗಂಟಲಿನಿಂದ ಸ್ವರ ಹೊರಡುವುದಿಲ್ಲ. ಅವರ ಪರವಾಗಿ ಇತರರು ಹಾಡುತ್ತಾರೆ. ಹಾಡುವವರಿಗೆ ಆ ಮನೆಯವರಲ್ಲಿ ಮುಂಚೆ ಮಾತು ಬಿಟ್ಟಿದ್ದುಂಟು, ಗಡಿಯ ಜಗಳವಿದ್ದುಂಟು. ಅಂದು ಮಾತ್ರ ಬರಲೇಬೇಕು. ಮನಸ್ಸಿಗೆ ನೆಮ್ಮದಿ ಬೇಕೆಂದು ಹಾಡುವವನು ತನಗೆ ಬೇಕಾದವರ ಜೊತೆ ಕುಳಿತು ಹಾಡಿಕೊಳ್ಳಬಹುದು. ಆರಾಧನೆಯಲ್ಲಾದರೆ ಜೊತೆಯಲ್ಲಿ ನಿಲ್ಲುವವರನ್ನು ಆರಿಸುವ ಹಕ್ಕು ನಮಗಿಲ್ಲ; ಕರೆದವನು ಬೇರೆಯವನು. ಯೋಹಾನನ ಪತ್ರಿಕೆಯಲ್ಲಿ ಪೂರ್ಣವಾದ ಪ್ರೀತಿಯು ಭಯವನ್ನು ಹೊರದೂಡುತ್ತದೆಂಬ ಮಾತನ್ನು ಎಲ್ಲರೂ ಬಲ್ಲರು. ಅದರ ಬೆನ್ನಿಗೇ, ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದಿರುವ ದೇವರನ್ನು ಪ್ರೀತಿಸಲಾರನೆಂಬ ಮಾತು ಇರುವುದನ್ನು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಪತ್ರಿಕೆಯನ್ನು ಬರೆದವನು ಆ ಎರಡನ್ನೂ ಒಂದೇ ವಿಚಾರವಾಗಿ ಬರೆದಿದ್ದಾನೆ.

ಇಂಗ್ಲೆಂಡಿನ ಸಭೆಯ ಪ್ರಾರ್ಥನಾಪುಸ್ತಕದಲ್ಲಿ ‘ಲಿಟನಿ’ ಎಂದು ಕರೆಯುವ ದೀರ್ಘಬಿನ್ನಹವೊಂದಿದೆ. ಎಂಟನೆಯ ಹೆನ್ರಿಯು ಫ್ರಾನ್ಸಿನ ಮೇಲೆ ಯುದ್ಧಕ್ಕೆ ಹೊರಡುತ್ತಿದ್ದ 1544ರಲ್ಲಿ ಆರ್ಚ್‌ಬಿಷಪ್ ಕ್ರಾನ್ಮರನು ಅದನ್ನು ಇಂಗ್ಲಿಷಿನಲ್ಲಿ ರಚಿಸಿದನು. ಅದರ ಮೊದಲ ಭಾಗ ಭಯಗಳ ಒಂದು ಉದ್ದನೆಯ ಜಾಬಿತೆ: ಸಿಡಿಲು, ಬಿರುಗಾಳಿ, ಪ್ಲೇಗು, ಕ್ಷಾಮ, ಯುದ್ಧ, ಕೊಲೆ, ಹಠಾತ್ತಾದ ಮರಣ. ನಾವಿಂದು ಸುಖವೆಂದು ಬಯಸುವ ಹಠಾನ್ಮರಣವನ್ನು, ಸಿದ್ಧತೆಗೂ ಕ್ಷಮಾಪಣೆಗೂ ಎಡೆಯಿಲ್ಲದ ಸಾವೆಂದು ಅವರು ಹೆದರುತ್ತಿದ್ದರು. ಹೆಸರು ಹಿಡಿದು ಒಂದೊಂದು ಭಯವನ್ನೂ ಹೇಳಿ ಮುಗಿಸಿದ ಮೇಲೆ ಬಿನ್ನಹ ಮೆಲ್ಲನೆ ಹೊರಳಿ, ನೆಲದ ಮೇಲೂ ನೀರಿನ ಮೇಲೂ ಪ್ರಯಾಣ ಮಾಡುವವರಿಗಾಗಿ, ಹೆರಿಗೆಯ ನೋವಿನಲ್ಲಿರುವವರಿಗಾಗಿ, ರೋಗಿಗಳಿಗಾಗಿ, ಎಳೆಮಕ್ಕಳಿಗಾಗಿ, ಸೆರೆಯಾಳುಗಳಿಗಾಗಿ, ತಬ್ಬಲಿಗಳಿಗೂ ವಿಧವೆಯರಿಗೂ ಆಗಿ, ಕೊನೆಕೊನೆಗೆ ಹಗೆಗಳಿಗೂ ಹಿಂಸಿಸುವವರಿಗೂ ಕ್ಷಮೆ ದೊರೆಯಲೆಂದು ಬೇಡಿಕೊಳ್ಳುತ್ತದೆ. ಹೆದರಿ ಮೊಣಕಾಲೂರಿದವನು, ತನಗೆ ಬೇಕಿರಲಿ ಬೇಡದಿರಲಿ, ಎದ್ದು ನಿಲ್ಲುವ ಮುಂಚೆ ಇವರೆಲ್ಲರ ಹೆಸರನ್ನೆತ್ತಲೇಬೇಕಾಗುತ್ತದೆ. ಆದರೆ ಕ್ರಾನ್ಮರನ ಮೊದಲ ಪಾಠದಲ್ಲಿ, ಸಿಡಿಲು ಪ್ಲೇಗುಗಳ ಆ ಜಾಬಿತೆಯ ಬೆನ್ನಿಗೆ, ರೋಮಿನ ಬಿಷಪ್ಪನ ದಬ್ಬಾಳಿಕೆಯಿಂದ ಬಿಡಿಸೆಂಬ ಕೋರಿಕೆಯೂ ಸೇರಿಕೊಂಡಿತ್ತು. ಹಗೆಗಳಿಗೆ ಕ್ಷಮೆ ಬೇಡುವ ಬಿನ್ನಹದ ಒಳಕ್ಕೇ ರಾಜಕೀಯದ ಭಯವೊಂದು ನುಸುಳಿ, ಹಗೆಯ ಹೆಸರನ್ನೂ ಬರೆದಿಟ್ಟಿತ್ತು. ಎಲಿಜಬೆತ್ ರಾಣಿಯ ಕಾಲದಲ್ಲಿ, 1559ರ ಪುಸ್ತಕವನ್ನು ಸಿದ್ಧಪಡಿಸಿದವರು ಆ ಒಂದು ಸಾಲನ್ನು ಬಿಟ್ಟುಬಿಟ್ಟರು. ಹಗೆಗಳ ಪರವಾದ ಬೇಡಿಕೆಯನ್ನು ಹಾಗೆಯೇ ಉಳಿಸಿಕೊಂಡರು.